ಮೆಟ್ಟಿಲ ಕೆಳಗಿನ ಕೋಣೆ

ಜನರನ್ನು ಹೆದರಿಸುವುದು ನನ್ನ ಹೊಟ್ಟೆಪಾಡು. ಹೀಗೆಂದರೆ ಕೆಲವರು ನಗುತ್ತಾರೆ, ಕೆಲವರು ನನ್ನ ಮುಖವನ್ನು ಇನ್ನೊಂದು ಸಲ ಸರಿಯಾಗಿ ನೋಡುತ್ತಾರೆ. ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ, ಕೆಳಗೆ ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯಿರುವ ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿ ನಾವು ಕೆಲವರು ಸೇರಿ ಕಂಪ್ಯೂಟರ್ ಗೇಮ್‌ಗಳನ್ನು ಮಾಡುತ್ತೇವೆ. ಅವುಗಳಲ್ಲಿ ಹಾರರ್ ಗೇಮ್‌ಗಳೇ ಹೆಚ್ಚು. ಕತೆ ಬರೆಯುವವರು ಬೇರೆ, ಸದ್ದು ಕೂಡಿಸುವವರು ಬೇರೆ. ನನ್ನದು ಜಾಗ ಕಟ್ಟುವ ಕೆಲಸ. ಆಟಗಾರ ಓಡಾಡುವ ಮನೆ, ಆಸ್ಪತ್ರೆ, ಶಾಲೆ, ಸುರಂಗಗಳನ್ನು ಪರದೆಯ ಮೇಲೆ ಒಂದೊಂದೇ ಗೋಡೆಯಾಗಿ ಎಬ್ಬಿಸುವವಳು ನಾನು.

ಇಂಥ ಕೆಲಸದಲ್ಲಿರುವವರಿಗೆ ದೆವ್ವದ ಮೇಲೆ ನಂಬಿಕೆ ಉಳಿಯುವುದು ಕಷ್ಟ. ದಿನವಿಡೀ ಮಿಠಾಯಿ ಅಂಗಡಿಯಲ್ಲಿ ಕೂತವನಿಗೆ ಸಿಹಿ ಬೇಡವಾಗುವಂತೆ ನನಗೆ ಭಯ ಬೇಡವಾಗಿತ್ತು. ಯಾರಾದರೂ ತಮ್ಮ ಊರಿನ ಹಾಳು ಬಂಗಲೆಯ ಕತೆ ಹೇಳತೊಡಗಿದರೆ ಕಿಟಕಿ ಯಾವ ಕಡೆಗಿತ್ತು, ಸದ್ದು ಎಷ್ಟು ದೂರದಿಂದ ಬಂತು ಎಂದು ಕೇಳಿ ಅವರ ಉತ್ಸಾಹವನ್ನೆಲ್ಲ ಇಳಿಸಿಬಿಡುತ್ತಿದ್ದೆ. ಭಯ ಎಂದರೆ ಒಂದು ಬಗೆಯ ಮರಗೆಲಸ, ಬಾಚಿ ಉಳಿ ಇದ್ದವರು ಯಾರು ಬೇಕಾದರೂ ಮಾಡಬಹುದು ಎಂದೇ ತಿಳಿದಿದ್ದೆ. ಈಗ ಹೇಳಲಿರುವುದು ನಡೆದಮೇಲೂ ನಾನೇನು ದೆವ್ವದ ಭಕ್ತೆಯಾಗಿಲ್ಲ. ಆದರೆ ಮೊದಲಿನಷ್ಟು ಖಚಿತವಾಗಿ ಮಾತಾಡುವುದನ್ನು ಬಿಟ್ಟಿದ್ದೇನೆ.

ಹೊಸದಾಗಿ ಈ ಕೆಲಸಕ್ಕೆ ಬಂದವರು ಮೊದಲು ಕತ್ತಲೆಯ ಮೊರೆ ಹೋಗುತ್ತಾರೆ. ದೀಪ ಆರಿಸಿ, ಮೂಲೆಯಲ್ಲಿ ಜೇಡರ ಬಲೆ ಕಟ್ಟಿ, ಗೋಡೆಗೆ ಒಂದಿಷ್ಟು ಕೆಂಪು ಎರಚಿ ಮುಗಿಯಿತು ಎನ್ನುತ್ತಾರೆ. ಆಟಗಾರ ಆಕಳಿಸುತ್ತಾನೆ. ಒಂದು ಜಾಗ ಏನನ್ನೋ ಬಲ್ಲದು, ನಮಗೆ ಹೇಳುತ್ತಿಲ್ಲ ಅನ್ನಿಸಿದಾಗ ಮೈ ಜುಮ್ಮೆನ್ನುತ್ತದೆ. ಯಾರೂ ಇಲ್ಲದ ಮನೆಯಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೆ ಸಾಕು. ಹಜಾರದ ಕುರ್ಚಿಗಳೆಲ್ಲ ಗೋಡೆಯ ಕಡೆಗೆ ಮುಖ ಮಾಡಿ ನಿಂತಿದ್ದರೂ ಸಾಕು. ಬಿಸಿಲು ಧಾರಾಳವಾಗಿ ಬೀಳುತ್ತಿರಲಿ, ಅಡ್ಡಿಯಿಲ್ಲ. ನನಗೆ ಎಲ್ಲಕ್ಕಿಂತ ಮೆಚ್ಚಿನ ಉಪಾಯವೆಂದರೆ ಅಳತೆಯದು. ಹೊರಗಿನಿಂದ ಮನೆ ಎಷ್ಟು ಉದ್ದವಿದೆಯೋ ಒಳಗೆ ಅದಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. ಆಟಗಾರ ಟೇಪು ಹಿಡಿದು ಅಳೆಯುವುದಿಲ್ಲ, ನಿಜ. ಆದರೂ ಅತ್ತಿತ್ತ ನಡೆದಾಡಿದ ಮೇಲೆ ಎಲ್ಲೋ ಒಂದು ಕೋಣೆ ಕಾಣೆಯಾಗಿದೆ ಎಂದು ಅವನ ಕಾಲಿಗೆ ಗೊತ್ತಾಗುತ್ತದೆ. ತಲೆಗೆ ಮಾತ್ರ ಗೊತ್ತಾಗುವುದಿಲ್ಲ. ಆ ನಡುವಿನ ಇರುಸುಮುರುಸೇ ನಮ್ಮ ಬಂಡವಾಳ.

ಕೆಲವು ವರ್ಷಗಳ ಹಿಂದೆ ಒಂದು ಗೇಮ್‌ಗಾಗಿ ನಾನು ಹೀಗೊಂದು ಮನೆ ಕಟ್ಟಿದೆ. ಸಾಮಾನ್ಯವಾಗಿ ನಾನು ನೂರಾರು ಫೋಟೋ ಕೂಡಿಹಾಕಿ, ಬಸವನಗುಡಿಯ ಬೀದಿಗಳಲ್ಲಿ ಕಾಂಪೌಂಡುಗಳಾಚೆ ಇಣುಕಿ, ಬೈಸಿಕೊಂಡು, ಆಮೇಲೆ ಕೆಲಸಕ್ಕೆ ಕೂರುವವಳು. ಈ ಮನೆಗೆ ಅದೇನೂ ಬೇಕಾಗಲಿಲ್ಲ. ಕೈ ತಾನಾಗಿಯೇ ಕಟ್ಟುತ್ತಾ ಹೋಯಿತು. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ನಾಲ್ಕು ಮರದ ಕಂಬ, ಎಡ ಮೂಲೆಯಿಂದ ಮೇಲಕ್ಕೇರುವ ಮರದ ಮೆಟ್ಟಿಲು. ಆ ಮೆಟ್ಟಿಲುಗಳಲ್ಲಿ ಕೊನೆಯದು ಮಾತ್ರ ಉಳಿದವುಗಳಿಗಿಂತ ಎತ್ತರ. ಮೆಟ್ಟಿಲ ಕೆಳಗೆ ಬರೀ ಸುಣ್ಣದ ಗೋಡೆ. ಗೋಡೆಯ ಬುಡದಲ್ಲಿ ಸುಣ್ಣವೇ ಬಳಿದಿದ್ದ ಒಂದು ಗಿಡ್ಡ ಹಲಗೆ ಬಾಗಿಲು, ತೆವಳಿಕೊಂಡು ಹೋಗುವಷ್ಟು. ಅದರ ಹಿಂದೆ ಕಿಟಕಿಯಿಲ್ಲದ ಇಕ್ಕಟ್ಟಾದ ಒಂದು ಕೋಣೆ. ಕೋಣೆಯ ಸೂರಿನ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ.

ಸದ್ದು ಕೂಡಿಸುವ ಹರೀಶ ನನ್ನ ಹಳೆಯ ಸ್ನೇಹಿತ. ಪರದೆ ನೋಡಿ, "ತೊಟ್ಟಿಲು ತೂಗೋಕೆ ಜಾಗಾನೇ ಇಲ್ವಲ್ಲೇ ಇಲ್ಲಿ, ಕೊಂಡಿ ಯಾಕೆ?" ಎಂದ. ನನಗೂ ಗೊತ್ತಿರಲಿಲ್ಲ. ಅಲ್ಲಿ ಅದು ಇರಬೇಕು ಅನ್ನಿಸಿತ್ತು, ಇಟ್ಟಿದ್ದೆ. ಅವನು ತನ್ನ ಅಕ್ಕನ ಮಗು ನಿದ್ದೆಯಲ್ಲಿ ಉಸಿರಾಡುವ ಸದ್ದನ್ನು ಹಿಡಿದು ತಂದು ಆ ಗೋಡೆಯ ಹಿಂದೆ ಇಟ್ಟ. ಮೆಟ್ಟಿಲ ಹತ್ತಿರ ಹೋದರೆ ಮಾತ್ರ ತೀರಾ ಮೆಲ್ಲಗೆ ಕೇಳುತ್ತಿತ್ತು. ಆಡಿ ನೋಡಲು ಬಂದವರಲ್ಲಿ ಹೆಚ್ಚಿನವರು ಅಲ್ಲೇ ಹೆಡ್‌ಫೋನ್ ಕಿತ್ತು ಇಟ್ಟುಬಿಡುತ್ತಿದ್ದರು. ನಾವಿಬ್ಬರೂ ಬೀಗಿದ್ದೇ ಬೀಗಿದ್ದು.

ಅದಾಗಿ ಒಂದು ವರ್ಷದ ಮೇಲೆ ನಮ್ಮ ಆಫೀಸಿನ ಉಸ್ತುವಾರಿಗೆ ಅಕ್ಷತಾ ಎಂಬ ಹುಡುಗಿ ಸೇರಿದಳು. ಚಾಮರಾಜಪೇಟೆಯವಳು. ಪೇಟೆಯಲ್ಲಿ ತಲೆಮಾರುಗಳಿಂದ ತಾಮ್ರ ಹಿತ್ತಾಳೆ ಪಾತ್ರೆಗಳ ವ್ಯಾಪಾರ ಮಾಡಿಕೊಂಡು ಬಂದ ಮನೆತನ ಅವರದು. ನಮ್ಮ ಗೇಮ್‌ಗಳನ್ನು ಕಂಡರೆ ಅವಳಿಗೆ ಆಗದು. ನಮ್ಮ ಪರದೆಗಳ ಹಿಂದಿನಿಂದ ಹಾಯ್ದುಹೋಗುವಾಗ ಕಣ್ಣಿಗೆ ಫೈಲು ಅಡ್ಡ ಹಿಡಿದುಕೊಂಡೇ ಹೋಗುತ್ತಿದ್ದಳು. ಒಂದು ದಿನ ಅವಳು ನಮ್ಮನ್ನೆಲ್ಲ ಮನೆಗೆ ಕರೆದಳು. ಅವಳ ಅಕ್ಕ ವೀಣಾಳಿಗೆ ಎರಡನೆಯ ಹೆರಿಗೆಯಾಗಿತ್ತು. ತವರಿನಲ್ಲೇ ತೊಟ್ಟಿಲ ಶಾಸ್ತ್ರ, ಭಾನುವಾರ ಮಧ್ಯಾಹ್ನದ ಊಟ. ಉಳಿದವರು ನಾನಾ ಕಾರಣ ಹೇಳಿ ತಪ್ಪಿಸಿಕೊಂಡರು. ನಾನೂ ಹರೀಶನೂ ಹೋದೆವು.

ಹೊರಗಿನಿಂದ ಆ ಮನೆಯನ್ನು ನೋಡಿ ನನಗೇನೂ ಅನ್ನಿಸಲಿಲ್ಲ. ಬೀದಿಯ ಕಡೆಯ ಭಾಗವನ್ನು ಹೊಸದಾಗಿ ಕಟ್ಟಿ, ಗ್ರಾನೈಟ್ ಹಾಕಿ, ಕೆಳಗೆ ಒಂದು ಮೊಬೈಲ್ ಅಂಗಡಿಗೆ ಬಾಡಿಗೆಗೆ ಕೊಟ್ಟಿದ್ದರು. ಪಕ್ಕದ ಓಣಿಯಿಂದ ಒಳಗೆ ಹೋಗಬೇಕು. ಚಪ್ಪಲಿ ಬಿಟ್ಟು, ಹೊಸಿಲು ದಾಟಿ, ತಲೆಯೆತ್ತಿದೆ. ತೊಟ್ಟಿ ಇತ್ತು. ನಾಲ್ಕು ಕಂಬಗಳಿದ್ದವು. ಎಡ ಮೂಲೆಯಿಂದ ಮರದ ಮೆಟ್ಟಿಲು ಮೇಲಕ್ಕೆ ಹೋಗಿತ್ತು. ತೊಟ್ಟಿಯ ಮೇಲೆ ಮಳೆ ಬೀಳದಂತೆ ನೀಲಿ ಫೈಬರ್ ಶೀಟು ಹೊದಿಸಿದ್ದೊಂದೇ ವ್ಯತ್ಯಾಸ.

ಹರೀಶ ನನ್ನ ಕಿವಿಯ ಬಳಿ ಬಂದು, "ಏನೇ, ಇಲ್ಲಿಗೆ ಬಂದು ಫೋಟೋ ತೆಕ್ಕೊಂಡು ಹೋಗಿದ್ಯಾ? ಹೇಳ್ಲೇ ಇಲ್ವಲ್ಲ!" ಎಂದ.

"ಇಲ್ಲ ಕಣೋ. ಇವತ್ತೇ ಮೊದಲ್ನೇ ಸಲ ಬರ್ತಿರೋದು."

"ಸುಮ್ನಿರು ಗುರು. ಕಂಬ ನೋಡು, ಮೆಟ್ಲು ನೋಡು. ಇದು ನಮ್ಮನೇನೇ."

ನಾನು ನಗಲು ನೋಡಿದೆ, ಆಗಲಿಲ್ಲ. ಅಷ್ಟರಲ್ಲಿ ಅಕ್ಷತಾ ಬಂದು ಕೈ ಹಿಡಿದು ಮಗುವನ್ನು ತೋರಿಸಲು ಮೇಲೆ ಕರೆದುಕೊಂಡು ಹೋದಳು. ಮೆಟ್ಟಿಲು ಹತ್ತುತ್ತಿದ್ದಾಗ ನನ್ನ ಮುಂದಿದ್ದ ಹೆಂಗಸೊಬ್ಬರು ಕೊನೆಯ ಮೆಟ್ಟಿಲಿಗೆ ಎಡವಿ ಕಂಬಿ ಹಿಡಿದುಕೊಂಡರು. ನನ್ನ ಕಾಲು ತನ್ನಷ್ಟಕ್ಕೆ ತಾನೇ ಇನ್ನೂ ಸ್ವಲ್ಪ ಎತ್ತರಕ್ಕೆ ಹೋಗಿ ಸರಿಯಾಗಿ ಊರಿತು. "ಅಯ್ಯೋ, ಹೇಳೋದು ಮರೆತೆ. ಎಲ್ರೂ ಅಲ್ಲಿ ಎಡವ್ತಾರೆ, ನೀನು ಹುಷಾರಾಗಿ ಹತ್ತಿದೆ ಬಿಡು" ಎಂದಳು ಅಕ್ಷತಾ.

ಓದುವವರು ಇದನ್ನು ನಂಬಬೇಕೆಂಬ ಹಟ ನನಗಿಲ್ಲ. ಆದರೆ ಆ ಹೊತ್ತಿನ ಭಯ ಎಂಥದು ಎಂಬುದನ್ನು ಮಾತ್ರ ಹೇಳಬೇಕು. ಮಟಮಟ ಮಧ್ಯಾಹ್ನ. ಮನೆ ತುಂಬ ಜನ. ವಿಭೂತಿ ಧರಿಸಿದ ಹಿರಿಯರು, ಮಲ್ಲಿಗೆ ಮುಡಿದ ಹೆಂಗಸರು, ಕೇಸರಿಬಾತಿನ ತುಪ್ಪದ ವಾಸನೆ, ಸ್ಪೀಕರಿನಲ್ಲಿ ನಾಗಸ್ವರ, ತೊಟ್ಟಿಯ ಸುತ್ತ ಓಡುವ ಮಕ್ಕಳು. ನಾನು ಅಷ್ಟು ವರ್ಷ ಕಲಿತ ಲೆಕ್ಕದಲ್ಲಿ ಅಲ್ಲಿ ಹೆದರುವಂಥದ್ದು ಒಂದೂ ಇರಲಿಲ್ಲ. ಆದರೂ ನಾನು ಗೋಡೆಗೆ ಒರಗಿ ನಿಂತುಬಿಟ್ಟೆ. ಎಲ್ಲ ರೀತಿಯಲ್ಲೂ ಹೊಸಬಳಾಗಿರಬೇಕಾದ ಮನೆಯಲ್ಲಿ ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ಅಡುಗೆಮನೆ ಎಲ್ಲಿದೆ ಎಂದು ನಾನು ಕೇಳಬೇಕಾಗಿರಲಿಲ್ಲ. ಗೊತ್ತಿಲ್ಲದ ಜಾಗ ಹೆದರಿಸುತ್ತದೆ ಎಂದು ನಾನು ಹೊಸಬರಿಗೆ ಪಾಠ ಹೇಳುತ್ತಿದ್ದವಳು. ಗೊತ್ತಿರಬಾರದ ಜಾಗ ಗೊತ್ತಿದ್ದರೆ ಏನಾಗುತ್ತದೆ ಎಂದು ಅವತ್ತು ತಿಳಿಯಿತು.

ಊಟಕ್ಕೆ ಕೂತಾಗ ಮೆಟ್ಟಿಲ ಕೆಳಗೆ ನೋಡದಿರಲು ನೋಡಿದೆ. ನೋಡಿಯೂಬಿಟ್ಟೆ. ಅಲ್ಲಿ ಸುತ್ತಿಟ್ಟ ಜಮಖಾನಗಳನ್ನೂ ಮಡಚಿದ ಕುರ್ಚಿಗಳನ್ನೂ ಒಟ್ಟಿದ್ದರು. ಗೋಡೆಯ ಬುಡ ಕಾಣುತ್ತಿರಲಿಲ್ಲ. ಕಾಣದಿದ್ದದ್ದೇ ಒಳ್ಳೆಯದು ಎಂದುಕೊಂಡು ಹೋಳಿಗೆಗೆ ಕೈ ಹಾಕಿದೆ.

ಊಟ ಮುಗಿಯುತ್ತಾ ಬಂದಿತ್ತು. ವೀಣಾ ಕೂಸನ್ನು ಮಲಗಿಸಿ ಕೆಳಗಿಳಿದು ಬಂದು ದೊಡ್ಡ ಮಗಳನ್ನು ಕರೆಯತೊಡಗಿದಳು. ಆ ಮಗುವಿನ ಹೆಸರು ಇಂಚರ. ನಾಲ್ಕು ವರ್ಷದವಳು. ಹಳದಿ ಲಂಗ ತೊಟ್ಟು ಬೆಳಗಿನಿಂದ ಎಲ್ಲರ ಕಾಲಡಿ ಓಡಾಡುತ್ತಿದ್ದಳು. "ಇಂಚರಾ, ಸಾಕು ಬಾ ಪುಟ್ಟಾ, ಒಂದು ತುತ್ತು ತಿನ್ನು ಬಾ" ಎಂದು ವೀಣಾ ಮೊದಲು ಸಲಿಗೆಯಿಂದ ಕರೆದಳು, ಆಮೇಲೆ ಗದರಿಸಿ ಕರೆದಳು, ಆಮೇಲೆ ಅವಳ ದನಿ ಬೇರೆಯಾಯಿತು. ಮಕ್ಕಳನ್ನು ಕೇಳಿದರು. ಅವರಲ್ಲಿ ದೊಡ್ಡವಳೊಬ್ಬಳು, "ಅವಳು ಬಚ್ಚಿಟ್ಕೊಂಡಿದ್ಲು ಆಂಟಿ. ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ. ಆಮೇಲೆ ನಾವು ಐಸ್‌ಕ್ರೀಮ್‌ಗೆ ಹೋಗ್ಬಿಟ್ವಿ" ಎಂದಳು. ಅದು ಯಾವಾಗ ಎಂದರೆ ಅವಳಿಗೆ ತಿಳಿಯದು. ಊಟಕ್ಕೆ ಎಲೆ ಹಾಕುವುದಕ್ಕೂ ಮುಂಚೆಯಂತೆ.

ನಾಗಸ್ವರ ನಿಲ್ಲಿಸಿದರು. ಮನೆಯ ಪ್ರತಿ ಕೋಣೆ, ಪ್ರತಿ ಮಂಚದಡಿ, ಮೇಲಿನ ನೀರಿನ ಟ್ಯಾಂಕಿನ ಹಿಂದೆ, ಎಲ್ಲ ನೋಡಿದರು. ಓಣಿಗೆ ಓಡಿದರು. ಓಣಿಯ ಬಾಗಿಲು ಬೆಳಗಿನಿಂದ ತೆರೆದೇ ಇತ್ತು, ಅಡುಗೆಯವರು ಹೋಗಿಬರುತ್ತಲೇ ಇದ್ದರು. ಕೆಲವು ಗಂಡಸರು ಬೀದಿಯ ಎರಡು ತುದಿಗೂ ಬೈಕಿನಲ್ಲಿ ಹೋದರು. ಮೊಬೈಲ್ ಅಂಗಡಿಯವನು ತನ್ನ ಕ್ಯಾಮೆರಾದಲ್ಲಿ ನೋಡುತ್ತೇನೆಂದು ಶಟರ್ ಎತ್ತಿದ. ಆಗ ಯಾರೋ ಹಿತ್ತಲಿನಿಂದ ಕೂಗಿದರು: ಸಂಪಿನ ಮುಚ್ಚಳ ಸರಿದಿದೆ.

ಆ ಮಾತು ಕೇಳಿ ವೀಣಾ ನಿಂತಲ್ಲೇ ಕುಸಿದಳು. ಅವಳ ಗಂಡ ಉಟ್ಟ ರೇಷ್ಮೆ ಪಂಚೆಯಲ್ಲೇ ಸಂಪಿಗಿಳಿದ. ಮೇಲಿನಿಂದ ಮೂರ್ನಾಲ್ಕು ಜನ ಮೊಬೈಲಿನ ಬೆಳಕು ಬಿಟ್ಟರು. ಒಳಗಿನಿಂದ ನೀರು ಕಲಕುವ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಅಕ್ಷತಾ ನನ್ನ ತೋಳನ್ನು ಉಗುರು ನೆಡುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಕೊನೆಗೆ ಅವನು ತಲೆ ಹೊರಗೆ ಹಾಕಿ, "ಇಲ್ಲ. ಇಲ್ಲಿ ಇಲ್ಲ" ಎಂದ. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು, ಮರುಕ್ಷಣವೇ ಹಾಗಾದರೆ ಎಲ್ಲಿ ಎಂಬ ಪ್ರಶ್ನೆ ಮತ್ತೆ ಬಂದು ನಿಂತಿತು. ಪೊಲೀಸರಿಗೆ ಫೋನ್ ಮಾಡಿದರು. ಮನೆಯಲ್ಲಿದ್ದವರಲ್ಲಿ ಮುಕ್ಕಾಲು ಜನ ಬೀದಿಗಿಳಿದರು.

ನಾನು ತೊಟ್ಟಿಗೆ ವಾಪಸು ಬಂದೆ. ಹರೀಶನೂ ನನ್ನ ಹಿಂದೆ ಬಂದ. ಇಬ್ಬರೂ ಮೆಟ್ಟಿಲ ಕೆಳಗೆ ನೋಡುತ್ತಾ ನಿಂತೆವು. ಅವನು ನನಗಿಂತ ಮೊದಲು ಬಾಯಿ ಬಿಟ್ಟ. "ಬೇಡ ಕಣೇ. ಅದು ಗೇಮು. ನೀನು ಕಟ್ಟಿದ್ದು ಅದು. ಇಲ್ಲಿರಲ್ಲ."

"ಕಂಬ ಇದೆಯಲ್ಲ. ಮೆಟ್ಲು ಇದೆಯಲ್ಲ."



ತೊಟ್ಟಿಯ ಅಂಚಿನ ಕುರ್ಚಿಯಲ್ಲಿ ಅಕ್ಷತಾಳ ಅಜ್ಜನ ತಮ್ಮ ಕೂತಿದ್ದರು. ಮನೆಯವರೆಲ್ಲ ಚಿಕ್ಕತಾತ ಎಂದು ಕರೆಯುವ ಅವರೇ ಆ ತುಂಬಿದ ಮನೆಯ ಯಜಮಾನರು. ಓಡಲು ಕಾಲಲ್ಲಿ ಬಲವಿಲ್ಲದೆ ಕೂತಲ್ಲೇ ಕೈ ಹಿಸುಕಿಕೊಳ್ಳುತ್ತಿದ್ದರು. ನಾನು ಅವರ ಮುಂದೆ ಹೋಗಿ ಕುಕ್ಕರಿಸಿ ಕೂತೆ. "ತಾತ, ಮೆಟ್ಟಿಲ ಕೆಳಗೆ, ಆ ಗೋಡೆ ಹಿಂದೆ ಏನಿದೆ?"

"ಅಲ್ಲೇನಿರುತ್ತಮ್ಮಾ? ಗೋಡೆ. ಅದರಾಚೆ ಓಣಿ."

"ಒಂದು ಕೋಣೆ ಇದೆಯಾ?"

"ನಾನು ಹುಟ್ಟಿದ ಮನೆ ಇದು. ಅಲ್ಲಿ ಕೋಣೆ ಇಲ್ಲ."

ಏನು ಹೇಳಲಿ? ನಾನು ಕನಸು ಕಂಡೆ ಎನ್ನಲೇ? ನನ್ನ ಕಂಪ್ಯೂಟರಿನಲ್ಲಿದೆ ಎನ್ನಲೇ? ನನಗೆ ತಿಳಿದಿದ್ದ ಒಂದೇ ಭಾಷೆಯಲ್ಲಿ ಹೇಳಿದೆ. "ದೇವರ ಕೋಣೆ ಆ ಕಡೆ ಮುಗಿಯುತ್ತೆ ತಾತ. ಅಡುಗೆಮನೆ ಈ ಕಡೆ ಶುರುವಾಗುತ್ತೆ. ನಡುವಿನ ಜಾಗ ಎಲ್ಲಿಗೆ ಹೋಯ್ತು?"

ಅವರು ತಲೆ ತಿರುಗಿಸಿ ದೇವರ ಕೋಣೆಯನ್ನು ನೋಡಿದರು, ಅಡುಗೆಮನೆಯ ಬಾಗಿಲನ್ನು ನೋಡಿದರು. ಹುಟ್ಟಿದಾಗಿನಿಂದ ನೋಡಿದ ಗೋಡೆಯನ್ನು ಮೊದಲ ಬಾರಿ ನೋಡುವಂತೆ ನೋಡಿದರು. ಆಮೇಲೆ ನಿಧಾನವಾಗಿ, "ಅಲ್ಲಿ ನಮ್ಮಜ್ಜಿ ಪೆಟ್ಟಿಗೆ ಇತ್ತು. ದೊಡ್ಡ ಮರದ ಪೆಟ್ಟಿಗೆ. ಯಾವತ್ತೂ ಅಲ್ಲಾಡಿಸಿದ್ದಿಲ್ಲ. ಇವತ್ತು ಬೆಳಿಗ್ಗೆ ಅಡುಗೆಯವರು ಪಾತ್ರೆ ಇಟ್ಕೊಳೋಕೆ ಬೇಕು ಅಂತ ಹಿತ್ತಲಿಗೆ ಎತ್ಕೊಂಡು ಹೋದ್ರು" ಎಂದರು. ಹೇಳುತ್ತಿದ್ದಂತೆಯೇ ಅವರ ದನಿ ಏರಿತು. "ಎಳೀರಿ. ಅದನ್ನೆಲ್ಲ ಎಳೀರಿ!"

ಹರೀಶ ಆಗಲೇ ಕುರ್ಚಿಗಳನ್ನು ಎಳೆದು ಬಿಸಾಡುತ್ತಿದ್ದ. ನಾನು ಜಮಖಾನಗಳನ್ನು ಉರುಳಿಸಿದೆ. ಸದ್ದಿಗೆ ಅಕ್ಷತಾ, ಇನ್ನಿಬ್ಬರು ಓಡಿಬಂದರು. ಗೋಡೆಯ ಬುಡ ಕಾಣಿಸಿತು. ಪೆಟ್ಟಿಗೆ ನಿಂತಿದ್ದ ಜಾಗದ ಗಾರೆ ಬೇರೆ ಬಣ್ಣಕ್ಕಿತ್ತು. ಅದರ ಹಿಂದೆ, ನೆಲಕ್ಕೆ ಅಂಟಿಕೊಂಡಂತೆ, ಸುಣ್ಣ ಬಳಿದ ಒಂದು ಗಿಡ್ಡ ಹಲಗೆ. ಸುಣ್ಣ ಒಂದು ಅಂಚಿನಲ್ಲಿ ಹೊಸದಾಗಿ ಉದುರಿತ್ತು.

ನಾನು ಹಲಗೆಗೆ ಕಿವಿ ಕೊಟ್ಟೆ. ಏನೂ ಕೇಳಿಸಲಿಲ್ಲ. ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಗೋಡೆಯ ಹಿಂದಿನಿಂದ ಮಗುವಿನ ಉಸಿರಾಟ ಕೇಳಿಸಲಿ ಎಂದು ನಾನು ಕಂಡ ಕಂಡ ದೇವರಿಗೆಲ್ಲ ಬೇಡಿಕೊಂಡೆ. ಯಾವ ಸದ್ದಿನಿಂದ ಜನ ಕುರ್ಚಿ ಬಿಟ್ಟು ಏಳುವಂತೆ ಮಾಡಿ ನಾವಿಬ್ಬರೂ ನಕ್ಕಿದ್ದೆವೋ ಅದೇ ಸದ್ದು. ಲೋಕದಲ್ಲಿ ಬೇರೆ ಯಾವ ಸದ್ದೂ ಬೇಕಿರಲಿಲ್ಲ.

ಹಲಗೆ ಒಳಕ್ಕೆ ತೆರೆಯುವಂಥದು. ಹರೀಶ ಹೆಗಲು ಕೊಟ್ಟು ನೂಕಿದ. ಒಳಗಿನ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಹಲಗೆಯಿಂದ ಸ್ವಲ್ಪ ಆಚೆ ಹಳದಿ ಲಂಗ ಕಾಣಿಸಿತು. ಅವನು ತೆವಳಿಕೊಂಡು ಹೋಗಿ ಮಗುವನ್ನು ಎರಡೂ ಕೈಯಲ್ಲಿ ಬಾಚಿ ನನ್ನ ಕಡೆ ನೂಕಿದ. ಅವಳ ಕೂದಲು ಬೆವರಿಗೆ ಒದ್ದೆಯಾಗಿ ಹಣೆಗೆ ಅಂಟಿತ್ತು. ಮೈ ಕಾದಿತ್ತು, ಕತ್ತು ನನ್ನ ತೋಳಿನ ಮೇಲೆ ಜೋತಿತ್ತು. ನಾನು ಅವಳ ಮೂಗಿನ ಹತ್ತಿರ ಕೆನ್ನೆ ಇಟ್ಟೆ. ಮೆಲ್ಲಗೆ, ಒಂದು, ಆಮೇಲೆ ಇನ್ನೊಂದು. ಉಸಿರು ಇತ್ತು.

ಅಕ್ಷತಾ ಚೀರಿದ ಚೀರಿಗೆ ಬೀದಿಯಲ್ಲಿದ್ದವರೆಲ್ಲ ಒಳಗೆ ನುಗ್ಗಿದರು. ತೊಟ್ಟಿಯ ಗಾಳಿಗೆ ಮಲಗಿಸಿ ಮುಖಕ್ಕೆ ನೀರು ಹಾಕಿದರು. ವೀಣಾ ಮಗಳ ಅಂಗಾಲು ತಿಕ್ಕುತ್ತಿದ್ದಳು. ಇಂಚರ ಮೊದಲು ಮುಖ ಸಿಂಡರಿಸಿದಳು, ಆಮೇಲೆ ಕಣ್ಣು ಬಿಟ್ಟಳು. ಸುತ್ತ ಅಷ್ಟು ಮುಖಗಳನ್ನು ನೋಡಿ ಅವಳ ತುಟಿ ನಡುಗಿತು.

"ನಾನು ಔಟಾ?" ಎಂದಳು.

ವೀಣಾಳ ಗಂಡ, ಇನ್ನೂ ಸಂಪಿನ ನೀರು ತೊಟ್ಟಿಕ್ಕುತ್ತಿದ್ದ ಪಂಚೆಯಲ್ಲಿ, ಅಳುತ್ತಲೇ ನಕ್ಕ. "ಇಲ್ಲ ಬಂಗಾರ, ನೀನೇ ಗೆದ್ದಿದ್ದು" ಎಂದ. ಅದಾದಮೇಲೆ ಆ ಮನೆಯಲ್ಲಿ ಯಾರು ಅತ್ತರು, ಯಾರು ನಕ್ಕರು ಎಂದು ವಿಂಗಡಿಸಿ ಹೇಳಲಾರೆ. ಎದುರು ಬೀದಿಯ ಡಾಕ್ಟರು ಬಂದು ನೋಡಿ, ಭಯವಿಲ್ಲ, ಸೆಕೆಗೆ ಸುಸ್ತಾಗಿ ಮಲಗಿಬಿಟ್ಟಿದ್ದಾಳೆ, ಆದರೆ ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು. ಹಲಗೆ ನೂಕಿದಾಗ ತೆರೆದುಕೊಂಡಿತಂತೆ, ಒಳಗೆ ಹೋಗಿ ಮುಚ್ಚಿಕೊಂಡಳಂತೆ. ತಿರುಗಿ ಎಳೆಯಲು ಒಳಗೆ ಹಿಡಿಯೇ ಇರಲಿಲ್ಲ. ಅಷ್ಟರಲ್ಲಿ ಯಾರೋ ಅದರ ಮುಂದೆ ಜಮಖಾನಗಳನ್ನು ಒಟ್ಟಿದ್ದರು. ಕೂಗಿದ್ದಳು. ನಾಗಸ್ವರದ ಅಬ್ಬರದಲ್ಲಿ ಯಾರಿಗೂ ಕೇಳಿಸಿರಲಿಲ್ಲ.

ಈ ಗದ್ದಲದಲ್ಲಿ ಹರೀಶ ಆ ಕೋಣೆಯಿಂದ ಹೊರಗೇ ಬಂದಿರಲಿಲ್ಲ. ನಾನು ಬಗ್ಗಿ ನೋಡಿದೆ. ಅವನು ಮಂಡಿಯೂರಿ ಕೂತು ಮೊಬೈಲಿನ ಬೆಳಕನ್ನು ಮೇಲಕ್ಕೆ ಬಿಟ್ಟಿದ್ದ. "ನೋಡು ಬಾ" ಎಂದ. ನಾನು ಹೋಗಲಿಲ್ಲ. "ಕೊಂಡಿ ಇದೆ ಕಣೇ" ಎಂದ. ನಾನು ಆಗಲೂ ಹೋಗಲಿಲ್ಲ.

ಸಂಜೆ ಆ ಮನೆಯಲ್ಲಿ ಎರಡನೆಯ ಸಲ ಊಟವಾಯಿತು ಎನ್ನಬೇಕು. ಯಾರೂ ಮನೆಗೆ ಹೋಗಲೊಲ್ಲರು. ಅಡುಗೆಯವರು ಹೊಸದಾಗಿ ಕಾಫಿ ಮಾಡಿದರು, ಮಿಕ್ಕ ಹೋಳಿಗೆಗಳು ಖಾಲಿಯಾದವು. ಇಂಚರ ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ದಾಟುತ್ತಾ ತನ್ನ ಗೆಲುವಿನ ಕತೆ ಹೇಳಿದಳು. ವೀಣಾ ನನ್ನ ಕೈ ಹಿಡಿದುಕೊಂಡು, "ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದಳು. ಗೋಡೆಗಳ ಅಳತೆ ನೋಡುವುದು ನನ್ನ ಕೆಲಸ, ಲೆಕ್ಕ ತಪ್ಪಿದ ಹಾಗೆ ಕಂಡಿತು ಎಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಆದರೆ ಅವತ್ತು ಅವಳಿಗೆ ಬೇಕಿದ್ದದ್ದು ಮಗಳು, ಅವಳು ಸಿಕ್ಕಿದ್ದಳು.

ಆಮೇಲೆ ನಾನು ವಿಚಾರಿಸಿದ್ದು ಸ್ವಲ್ಪವಲ್ಲ. ಚಿಕ್ಕಂದಿನಲ್ಲಿ ಯಾವತ್ತಾದರೂ ಚಾಮರಾಜಪೇಟೆಯ ಇಂಥ ಮನೆಗೆ ಕರೆದುಕೊಂಡು ಹೋಗಿದ್ದೆಯಾ ಎಂದು ಮತ್ತಿಕೆರೆಯಲ್ಲಿರುವ ಅಮ್ಮನನ್ನು ಕೇಳಿದೆ. "ನಮಗೆ ಆ ಕಡೆ ಯಾರಿದ್ರು? ಪಾತ್ರೆ ತಗೊಳೋಕೂ ನಾವು ಯಶವಂತಪುರಕ್ಕೆ ಹೋಗ್ತಿದ್ವಿ" ಎಂದಳು. ಯಾರಾದರೂ ಆ ಮನೆಯ ಫೋಟೋ ಹಾಕಿರಬಹುದೇ ಎಂದು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೂ ಆ ಕೋಣೆ ಅದರಲ್ಲಿರಲು ಸಾಧ್ಯವಿರಲಿಲ್ಲ. ಹರೀಶನ ಪ್ರಕಾರ ಆ ಕಾಲದಲ್ಲಿ ಒಂದೇ ಮೇಸ್ತ್ರಿಗಳ ತಂಡ ಒಂದೇ ಬಗೆಯ ಮನೆಗಳನ್ನು ಬೇಕಾದಷ್ಟು ಕಟ್ಟಿರಬೇಕು, ಅಂಥ ಇನ್ನೊಂದನ್ನು ನಾನು ಎಲ್ಲೋ ಕಂಡು ಮರೆತಿರಬೇಕು. ಇರಬಹುದು. ಹಗಲು ಹೊತ್ತಿನಲ್ಲಿ ನಾನೂ ಅದನ್ನೇ ನಂಬುತ್ತೇನೆ. ಆದರೆ ಎಡವಟ್ಟಾದ ಒಂದು ಮೆಟ್ಟಿಲನ್ನು ಯಾವ ಮೇಸ್ತ್ರಿಯೂ ಬೇಕೆಂದು ಮನೆಮನೆಗೂ ಕಟ್ಟುವುದಿಲ್ಲ. ಹರೀಶನಿಗೂ ಅದು ಗೊತ್ತು. ಅವನು ನನ್ನನ್ನು ಕೇಳದೆಯೇ ಗೇಮ್‌ನಿಂದ ಆ ಉಸಿರಿನ ಸದ್ದನ್ನು ತೆಗೆದುಬಿಟ್ಟ. ಯಾಕೆ ಎಂದರೆ, "ಅದನ್ನ ಕೇಳಿದ್ರೆ ನಂಗೀಗ ಹೆದರಿಕೆ ಆಗಲ್ಲ ಕಣೇ, ಜೀವ ಬಂದಂಗಾಗುತ್ತೆ. ಹಾರರ್ ಗೇಮ್‌ನಲ್ಲಿ ಅದನ್ನ ಇಟ್ಕೊಂಡು ಏನ್ ಮಾಡ್ಲಿ?" ಎಂದ.

ಕೂಸಿನ ವರ್ಷದ ಹುಟ್ಟುಹಬ್ಬಕ್ಕೆ ಅವರು ನಮ್ಮನ್ನು ಮತ್ತೆ ಕರೆದರು. ನಾನು ಅಂಜುತ್ತಲೇ ಹೋದೆ. ಆ ಗಿಡ್ಡ ಹಲಗೆಯನ್ನು ಕಿತ್ತು, ಗೋಡೆ ಒಡೆದು, ನೆಟ್ಟಗೆ ನಡೆದುಹೋಗುವಂಥ ಬಾಗಿಲು ಇಟ್ಟಿದ್ದರು. ಓಣಿಯ ಕಡೆಗೆ ಒಂದು ಕಿಟಕಿ ತೆರೆದಿದ್ದರು. ಗೋಡೆಗೆ ಮಕ್ಕಳು ಕ್ರೇಯಾನಿನಲ್ಲಿ ಏನೇನೋ ಬರೆದಿದ್ದರು. ಬೆಳಕು ಬಿದ್ದ ಮೇಲೆ ಅದು ಸುಮ್ಮನೆ ಒಂದು ಸಣ್ಣ ಕೋಣೆ, ಅಷ್ಟೆ. ಅವತ್ತು ನಾನು ಒಳಗೆ ಹೋಗಿ, ನಿಂತು, ಓಣಿಯಲ್ಲಿ ಹೂವಿನವನು ಕೂಗಿಕೊಂಡು ಹೋಗುವುದನ್ನು ಕೇಳಿ, ಹೊರಗೆ ಬಂದೆ. ಎದೆಯ ಮೇಲಿನ ಭಾರ ಇಳಿದ ಹಾಗಾಯಿತು.

ಚಿಕ್ಕತಾತ ತೊಟ್ಟಿಯ ಅಂಚಿನಲ್ಲಿ ಅದೇ ಕುರ್ಚಿಯಲ್ಲಿದ್ದರು. ಪಕ್ಕದಲ್ಲಿ ಕೂರಿಸಿಕೊಂಡರು. ಬೇರೆಯವರೆಲ್ಲ ಕೇಕಿನ ಸುತ್ತ ಇದ್ದರು. "ಆ ಕೋಣೆ ನಮ್ಮಪ್ಪನಿಗೂ ಗೊತ್ತಿರಲಿಲ್ಲ ಅನ್ಸುತ್ತೆ. ಗೊತ್ತಿದ್ದಿದ್ರೆ ಹೇಳೋರು" ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಯಾರಮ್ಮಾ ನೀನು?"

ನಾನು ಹೆಸರು ಹೇಳಿದೆ, ಅಪ್ಪನ ಹೆಸರು ಹೇಳಿದೆ, ನಮ್ಮ ಮನೆಯಿರುವ ಬೀದಿ ಹೇಳಿದೆ.

"ಅದೆಲ್ಲ ಅಕ್ಷತಾ ಹೇಳಿದಾಳೆ. ನಾನು ಕೇಳಿದ್ದು ಅದಲ್ಲ."

ಅವರು ನನ್ನನ್ನು ನೋಡುತ್ತಿದ್ದ ನೋಟ ನನಗೆ ಪರಿಚಯವಿತ್ತು. ಆಟದ ನಡುವೆ ಹೆಡ್‌ಫೋನ್ ಕೆಳಗಿಡುವವರ ಕಣ್ಣಲ್ಲಿ ಅದನ್ನು ಎಷ್ಟೋ ಸಲ ಕಂಡಿದ್ದೆ. ಅಲ್ಲೇ ಹುಟ್ಟಿ ಬೆಳೆದವರಿಗೂ ಗೊತ್ತಿಲ್ಲದಷ್ಟು ಆ ಮನೆಯನ್ನು ಬಲ್ಲವಳೊಬ್ಬಳು ಎಲ್ಲಿಂದಲೋ ಬಂದು ಅವರ ಮುಂದೆ ಕೂತಿದ್ದಳು. ಆ ಮನೆಯಲ್ಲಿ ಹೆದರುವಂಥದ್ದು ಏನಾದರೂ ಇದ್ದರೆ ಅದು ಆ ಕೋಣೆಯಾಗಿರಲಿಲ್ಲ. ಅವರಿಗೆ ಏನಾದರೂ ಉತ್ತರ ಕೊಡಬೇಕೆಂದು ನಾನು ನಿಜವಾಗಿಯೂ ಹುಡುಕಿದೆ. ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. "ಗೊತ್ತಿಲ್ಲ ತಾತ" ಎಂದೆ.

ಕೇಕಿನ ಹತ್ತಿರ ಯಾರೋ ಬಲೂನು ಒಡೆದರು, ಮಕ್ಕಳು ಕಿರುಚಿದರು, ಇಂಚರಳ ನಗು ಎಲ್ಲರದಕ್ಕಿಂತ ಮೇಲೆ ಕೇಳಿಸಿತು. ಚಿಕ್ಕತಾತ ಆ ಕಡೆ ತಿರುಗಿ ನೋಡಿದರು. ಅವರ ಮುಖ ಸಡಿಲವಾಯಿತು. ಕೈ ಎತ್ತಿ ನನ್ನ ತಲೆಯ ಮೇಲೆ ಇಟ್ಟರು.

"ಇರ್ಲಿ ಬಿಡು. ಯಾರಾದ್ರೂ ಆಗಿರು. ಬರ್ತಾ ಇರು."